ಮಗಳ ದೂರು ಕನ್ನಡದಲ್ಲೇ ಇರಲಿ

ಗಡಿಯಾಚೆಯ ಕನ್ನಡ ಹೆತ್ತವರೇ,

ಸಂವಿಧಾನದ 350ಎ ವಿಧಿಯನ್ನು ನಮ್ಮಲ್ಲಿ ಅರಿಯದವರು ವಿರಳ. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಬೇಕೆಂಬ ಆ ವಿಧಿ 1956ರ ಏಳನೆಯ ತಿದ್ದುಪಡಿಯೊಂದಿಗೆ ಬಂದಿತು. ಅಂದಿನಿಂದ ನಮ್ಮ ಶಾಲೆಗಳ ಪರವಾಗಿ ಸಲ್ಲಿಕೆಯಾದ ಮನವಿಗಳಲ್ಲಿ ಅದರ ಉಲ್ಲೇಖವಿಲ್ಲದವು ಕಡಿಮೆ. ಆದರೆ ಅದಕ್ಕೂ ಮೊದಲೇ, ಮೂಲ ಸಂವಿಧಾನದಲ್ಲಿಯೇ ಇದ್ದ 350ನೆಯ ವಿಧಿಯನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ತನಗಾದ ಅನ್ಯಾಯಕ್ಕೆ ಪರಿಹಾರ ಕೋರಿ ಕೇಂದ್ರದ ಅಥವಾ ರಾಜ್ಯದ ಯಾವುದೇ ಅಧಿಕಾರಿಗೆ, ಕೇಂದ್ರದಲ್ಲಾಗಲಿ ಆಯಾ ರಾಜ್ಯದಲ್ಲಾಗಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಮನವಿ ಸಲ್ಲಿಸುವ ಹಕ್ಕು ಪ್ರತಿಯೊಬ್ಬ ವ್ಯಕ್ತಿಗೂ ಉಂಟೆಂದು ಅದು ಹೇಳುತ್ತದೆ. 350ಎ ವಿಧಿಯ ಫಲ ನಮ್ಮ ಮಕ್ಕಳಿಗೆ ಶಾಲೆಯ ಬಾಗಿಲವರೆಗೆ. 350 ಅವರ ಜೀವಮಾನದುದ್ದಕ್ಕೂ ಜೊತೆಗಿರುವಂಥದು.

ಈ ಹಕ್ಕಿನ ಅಗತ್ಯ ಅತ್ಯಂತ ತೀವ್ರವಾಗಿ ಎದುರಾಗಬಹುದಾದ ಒಂದು ಸನ್ನಿವೇಶವನ್ನು ಕುರಿತು ಇಲ್ಲಿ ಬರೆಯುತ್ತಿದ್ದೇನೆ. ಕಾಲೇಜಿಗೆ ಹೋದ ಮಗಳು ಲೈಂಗಿಕ ಕಿರುಕುಳಕ್ಕೋ ದೌರ್ಜನ್ಯಕ್ಕೋ ಗುರಿಯಾದಾಗ ಅವಳು ಯಾರ ಬಳಿಗೆ ಹೋಗಬೇಕು, ಯಾವ ಮಾತಿನಲ್ಲಿ ಹೇಳಬೇಕು ಎಂಬ ಪ್ರಶ್ನೆಯದು. ವಿಷಯ ಅಹಿತಕರವಾದುದು. ಆದರೂ ಶಾಲೆಯ ಕುರಿತಾದ ನಮ್ಮ ಚರ್ಚೆಯಿಂದ ಇದನ್ನು ಹೊರಗಿಡಬಾರದೆಂದು ನನಗೆ ತೋರುತ್ತದೆ.

ನಮ್ಮ ಮಕ್ಕಳು ಎಲ್ಲೆಲ್ಲಿಗೆ ಹೋಗುತ್ತಾರೆಂಬುದನ್ನು ನೋಡಿರಿ. ಮಂಜೇಶ್ವರ, ಕುಂಬಳೆಯ ಹುಡುಗಿ ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ ಕಣ್ಣೂರಿಗೋ ಕೊಚ್ಚಿಗೋ ಹೋಗುತ್ತಾಳೆ. ತಾಳವಾಡಿಯವಳು ಸತ್ಯಮಂಗಲಕ್ಕೆ, ಈರೋಡಿಗೆ. ಜತ್ತ, ಅಕ್ಕಲಕೋಟೆಯವರು ಸಾಂಗಲಿ, ಸೊಲ್ಲಾಪುರ, ಪುಣೆಗೆ. ಆದೋನಿಯವರು ಕರ್ನೂಲಿಗೆ, ರಾಯದುರ್ಗದವರು ಅನಂತಪುರಕ್ಕೆ. ಅಲ್ಲಿನ ಭಾಷೆಯನ್ನು ಅವರು ಬೇಗನೆ ಕಲಿಯುತ್ತಾರೆ. ಬಸ್ಸಿನಲ್ಲಿ, ಅಂಗಡಿಯಲ್ಲಿ, ಹಾಸ್ಟೆಲಿನ ಊಟದ ಸಾಲಿನಲ್ಲಿ ಅದು ಸಾಕಾಗುತ್ತದೆ. ಆದರೆ ತನ್ನ ಮೈಮೇಲೆ ನಡೆದ ಅತಿಕ್ರಮವನ್ನು ಅಪರಿಚಿತರಾದ ನಾಲ್ವರ ಮುಂದೆ ಕ್ರಮವಾಗಿ, ವಿವರವಾಗಿ ಹೇಳಲು ಅಂಗಡಿಯಲ್ಲಿ ಕಲಿತ ಭಾಷೆ ಸಾಲದು. ಹೇಳಲಾಗದೆ ತಡವರಿಸಿದವಳ ಮಾತಿನಲ್ಲಿ ಸತ್ಯವಿಲ್ಲವೆಂದು ಎದುರಿಗಿರುವವರು ಭಾವಿಸುವುದು ಎಷ್ಟು ಸುಲಭವೆಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಕನ್ನಡದಲ್ಲಾದರೂ ಅವಳಿಗೆ ಆ ಮಾತುಗಳನ್ನು ನಾವು ಕೊಟ್ಟಿದ್ದೇವೆಯೇ? ಹತ್ತನೆಯ ತರಗತಿಯ ಜೀವಶಾಸ್ತ್ರದಲ್ಲಿ ಸಂತಾನೋತ್ಪತ್ತಿಯ ಪಾಠ ಬಂದಾಗ ಮನೆಯಲ್ಲೇ ಓದಿಕೊಳ್ಳಿ ಎಂದು ಮುಂದಿನ ಪಾಠಕ್ಕೆ ಹೋಗುವ ತರಗತಿಗಳು ಇಂದಿಗೂ ಇವೆ. ಮನೆಯಲ್ಲಿಯೂ ನಮ್ಮ ಮಾತು ‘ಏನೋ ಮಾಡಿದ’, ‘ಕೆಟ್ಟದಾಗಿ ನಡೆದುಕೊಂಡ’, ‘ಚುಡಾಯಿಸಿದ’ ಎಂಬಲ್ಲಿಗೆ ನಿಲ್ಲುತ್ತದೆ. ಮರ್ಯಾದೆಯ ಈ ಮಾತುಗಳು ದೂರಿನಲ್ಲಿ ಸೇರಿದಾಗ ಮಗಳಿಗೇ ಹಾನಿ ಮಾಡುತ್ತವೆ. ಏಕೆಂದರೆ ಕಾನೂನು ಪದಗಳನ್ನು ತೂಗಿ ನೋಡುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಲೈಂಗಿಕ ಅರ್ಥದ ಮಾತನ್ನಾಡುವುದು 75ನೆಯ ಕಲಮಿಗೆ ಬರುತ್ತದೆ, ಅದಕ್ಕೆ ಒಂದು ವರ್ಷದವರೆಗೆ ಶಿಕ್ಷೆ. ಮಾನಭಂಗದ ಉದ್ದೇಶದಿಂದ ಬಲಪ್ರಯೋಗ ಮಾಡಿದರೆ 74ನೆಯ ಕಲಮು, ಒಂದರಿಂದ ಐದು ವರ್ಷ. ಹಿಂಬಾಲಿಸುವುದಕ್ಕೆ 78, ಕದ್ದು ನೋಡುವುದಕ್ಕೂ ಚಿತ್ರ ತೆಗೆಯುವುದಕ್ಕೂ 77. ಅತ್ಯಾಚಾರದ ವ್ಯಾಖ್ಯೆ 2013ರ ತಿದ್ದುಪಡಿಯಿಂದ ಬಹಳ ವಿಸ್ತಾರವಾಗಿದೆ. ಬೆರಳಿನಿಂದಲೋ ವಸ್ತುವಿನಿಂದಲೋ ನಡೆದ ಬಲಾತ್ಕಾರವೂ ಅದರೊಳಗೆ ಸೇರುತ್ತದೆ, ಶಿಕ್ಷೆ ಹತ್ತು ವರ್ಷಕ್ಕೆ ಕಡಿಮೆಯಿಲ್ಲ. ‘ಮೈ ಮುಟ್ಟಿದ’ ಎಂಬ ಒಂದೇ ಮಾತಿನೊಳಗೆ ಈ ಕಲಮುಗಳಲ್ಲಿ ಹಲವು ಅಡಗಿ ಕುಳಿತಿರಬಹುದು. ಎಲ್ಲಿ, ಹೇಗೆ, ಎಷ್ಟು ಹೊತ್ತು, ಅವನು ಆಡಿದ ಮಾತೇನು, ಅವಳು ಬೇಡವೆಂದದ್ದು ಹೇಗೆ ಎಂಬುದನ್ನು ಬರೆಯದಿದ್ದರೆ ಠಾಣೆಯ ಬರಹಗಾರ ತನಗೆ ತೋಚಿದ ಮಾತನ್ನು ಹಾಕುತ್ತಾನೆ. ಅದೂ ಅವಳದಲ್ಲದ ಭಾಷೆಯಲ್ಲಿ.

ಆದ್ದರಿಂದ ನನ್ನ ಮೊದಲ ಬಿನ್ನಹ: ದೂರನ್ನು ಅವಳು ಮೊದಲು ಕನ್ನಡದಲ್ಲಿ ಬರೆಯಲಿ. ಯಾರಿಗೂ ತೋರಿಸುವ ಮೊದಲು, ಯಾರೂ ತಿದ್ದುವ ಮೊದಲು, ತನ್ನ ಕೈಯಿಂದ, ದಿನಾಂಕ ಹಾಕಿ. ಕಾಸರಗೋಡಿನ ಕನ್ನಡವೋ ಸೊಲ್ಲಾಪುರದ ಕನ್ನಡವೋ, ಮನೆಮಾತು ಹೇಗಿದೆಯೋ ಹಾಗೆಯೇ ಇರಲಿ, ಗ್ರಂಥದ ಭಾಷೆ ಬೇಕಿಲ್ಲ. ಬಂದ ಸಂದೇಶಗಳನ್ನು ಅಳಿಸದೆ ಅವುಗಳ ಸ್ಕ್ರೀನ್‌ಶಾಟ್ ತೆಗೆದಿಡಲಿ. ಬಳಿಕ ನಂಬಿಕೆಯ ಒಬ್ಬರು ಅದನ್ನು ಆ ರಾಜ್ಯದ ಭಾಷೆಗೋ ಇಂಗ್ಲಿಷಿಗೋ ಅನುವಾದಿಸಲಿ. ಸಲ್ಲಿಸುವಾಗ ಎರಡನ್ನೂ ಒಟ್ಟಿಗೆ ಸಲ್ಲಿಸಿ, ಮೂಲ ಕನ್ನಡದ್ದೆಂದು ಸ್ಪಷ್ಟವಾಗಿ ಬರೆದು, ಸ್ವೀಕೃತಿಯ ಮುದ್ರೆ ಪಡೆಯಿರಿ. ನಾಳೆ ಅನುವಾದದಲ್ಲಿ ಒಂದು ಮಾತು ವ್ಯತ್ಯಾಸವಾಗಿದೆಯೆಂದು ಎದುರು ವಕೀಲರು ಹಿಡಿದರೆ ಮೂಲ ನಿಮ್ಮ ಕೈಯಲ್ಲಿರುತ್ತದೆ.

350ನೆಯ ವಿಧಿಗೂ ಮಿತಿಯುಂಟು. ಅದು ಕನ್ನಡದಲ್ಲಿ ಸಲ್ಲಿಸುವ ಹಕ್ಕನ್ನು ಕೊಡುತ್ತದೆ, ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕನ್ನಲ್ಲ. ಖಾಸಗಿ ಕಾಲೇಜಿನ ಆಡಳಿತ ಮಂಡಳಿಯ ಮುಂದೆ ಅದನ್ನು ಹಿಡಿದು ವಾದಿಸುವುದೂ ಕಷ್ಟ. ಆದರೆ ಪೊಲೀಸ್ ಠಾಣೆ, ಜಿಲ್ಲಾಧಿಕಾರಿಯ ಕಚೇರಿ ಮೊದಲಾದ ಸರ್ಕಾರಿ ಕಚೇರಿಗಳ ಮುಂದೆ ಅದು ಗಟ್ಟಿಯಾದ ಆಧಾರ.

ಇನ್ನು ದೂರಿನ ದಾರಿಗಳು. ಒಂದು ಕಾಲೇಜಿನೊಳಗಿನದು, ಇನ್ನೊಂದು ಪೊಲೀಸರದು. ಒಂದನ್ನು ಹಿಡಿದರೆ ಇನ್ನೊಂದು ಮುಚ್ಚುವುದಿಲ್ಲ. ‘ಮೊದಲು ನಮ್ಮ ಸಮಿತಿ ನೋಡಲಿ, ಆಮೇಲೆ ಪೊಲೀಸರ ಮಾತು’ ಎಂದು ಪ್ರಾಂಶುಪಾಲರು ಹೇಳಿದರೆ ಅದು ಅವರ ಅಪೇಕ್ಷೆಯೇ ಹೊರತು ಕಾನೂನಲ್ಲ.

ಕಾಲೇಜಿನೊಳಗೆ ಆಂತರಿಕ ದೂರು ಸಮಿತಿಯೆಂಬುದು ಇರಲೇಬೇಕು. 1997ರ ವಿಶಾಖಾ ತೀರ್ಪು, 2013ರ ಕಾಯ್ದೆ, ಅದನ್ನನುಸರಿಸಿ ವಿಶ್ವವಿದ್ಯಾಲಯ ಧನಸಹಾಯ ಆಯೋಗ ರೂಪಿಸಿದ 2015ರ ನಿಯಮಾವಳಿ, ತಾಂತ್ರಿಕ ಕಾಲೇಜುಗಳಿಗೆ 2016ರ ಪ್ರತ್ಯೇಕ ನಿಯಮಾವಳಿ, ಇವು ಅದರ ಆಧಾರಗಳು. ಆಯೋಗದ ನಿಯಮದಂತೆ ಸಮಿತಿಯ ಅಧ್ಯಕ್ಷೆ ಹಿರಿಯ ಅಧ್ಯಾಪಕಿಯಾಗಿರಬೇಕು. ಸದಸ್ಯರಲ್ಲಿ ಅರ್ಧದಷ್ಟಾದರೂ ಮಹಿಳೆಯರು, ಸಂಸ್ಥೆಗೆ ಹೊರತಾದ ಒಬ್ಬರು, ವಿದ್ಯಾರ್ಥಿಗಳ ಪ್ರಕರಣವಾದರೆ ಮೂವರು ವಿದ್ಯಾರ್ಥಿ ಪ್ರತಿನಿಧಿಗಳು ಬೇಕು. ವಿಭಾಗ ಮುಖ್ಯಸ್ಥರಂಥ ಅಧಿಕಾರಸ್ಥರು ಅದರಲ್ಲಿ ಇರುವಂತಿಲ್ಲ. ಘಟನೆಯಾದ ಮೂರು ತಿಂಗಳೊಳಗೆ ಲಿಖಿತ ದೂರು ಕೊಡಬೇಕು, ಸಕಾರಣವಿದ್ದರೆ ಇನ್ನೂ ಮೂರು ತಿಂಗಳು ವಿಸ್ತರಣೆಯುಂಟು. ದೂರು ಇಂಥದೇ ಭಾಷೆಯಲ್ಲಿರಬೇಕೆಂದು ನಿಯಮ ಹೇಳುವುದಿಲ್ಲ. ಬದಲಾಗಿ, ಬರೆಯಲಾಗದವರಿಗೆ ಬರೆಯಲು ಸಮಿತಿಯವರೇ ನೆರವಾಗಬೇಕೆಂದು ಹೇಳುತ್ತದೆ. ವಿಚಾರಣೆ 90 ದಿನಗಳಲ್ಲಿ ಮುಗಿಯಬೇಕು. ಕಾಲೇಜಿನ ವಾಹನ, ಅಧ್ಯಯನ ಪ್ರವಾಸ, ಇಂಟರ್ನ್‌ಶಿಪ್, ಕ್ರೀಡಾಕೂಟ, ಶಿಬಿರ ಇವೆಲ್ಲ ‘ಆವರಣ’ದ ವ್ಯಾಪ್ತಿಗೆ ಸೇರುತ್ತವೆ. ಗೇಟಿನ ಹೊರಗೆ ನಡೆದದ್ದಕ್ಕೆ ನಾವು ಹೊಣೆಯಲ್ಲ ಎಂಬ ಮಾತು ಎಲ್ಲ ಸಂದರ್ಭದಲ್ಲಿಯೂ ನಿಲ್ಲುವುದಿಲ್ಲ.

ಅದೇ ನಿಯಮಾವಳಿಯಲ್ಲಿ ನಮಗೆ ಸಂಬಂಧಿಸಿದ ಒಂದು ಅಂಶವಿದೆ. ಕೆಲವರು ಕಿರುಕುಳಕ್ಕೆ ಸುಲಭವಾಗಿ ಗುರಿಯಾಗುತ್ತಾರೆ, ದೂರು ಕೊಡುವುದೂ ಅವರಿಗೇ ಹೆಚ್ಚು ಕಷ್ಟ ಎಂದು ಒಪ್ಪಿಕೊಂಡು ಅದಕ್ಕೆ ಕಾರಣಗಳನ್ನು ಎಣಿಸುವಾಗ ವರ್ಗ, ಜಾತಿ, ಅಂಗವೈಕಲ್ಯಗಳ ಜೊತೆಗೆ ಪ್ರದೇಶವನ್ನೂ ಅಲ್ಪಸಂಖ್ಯಾತ ಅಸ್ಮಿತೆಯನ್ನೂ ಹೆಸರಿಸಿದೆ. ಹೊರರಾಜ್ಯದ ಭಾಷೆಯಲ್ಲಿ ಒಂಟಿಯಾಗಿ ಕುಳಿತ ನಮ್ಮ ಹುಡುಗಿ ಸಮಿತಿಯ ಮುಂದೆ ಕನ್ನಡ ಬಲ್ಲ ಒಬ್ಬರ ನೆರವು ಕೇಳಿದರೆ ಅದು ವಿಶೇಷ ದಾಕ್ಷಿಣ್ಯದ ಬೇಡಿಕೆಯಲ್ಲ. ಈ ಅಂಶವನ್ನೇ ಉಲ್ಲೇಖಿಸಿ ಲಿಖಿತವಾಗಿ ಕೇಳಿರಿ.

ಸಮಿತಿ ಇದೆಯೆಂದ ಮಾತ್ರಕ್ಕೆ ನಿಶ್ಚಿಂತರಾಗಿರಬೇಡಿ. 2025ರಲ್ಲಿ ಒಡಿಶಾದ ಬಾಲಸೋರಿನ ಫಕೀರ್ ಮೋಹನ್ ಕಾಲೇಜಿನ ವಿದ್ಯಾರ್ಥಿನಿಯೊಬ್ಬಳು ವಿಭಾಗ ಮುಖ್ಯಸ್ಥನ ಮೇಲೆ ದೂರು ಕೊಟ್ಟಿದ್ದಳು. ಸಮಿತಿಯೂ ಇತ್ತು. ನ್ಯಾಯ ಸಿಗುವುದೆಂಬ ಭರವಸೆ ಕಳೆದುಕೊಂಡ ಅವಳು ಜುಲೈ ತಿಂಗಳಲ್ಲಿ ತನ್ನ ಜೀವಕ್ಕೆ ಎರವಾದಳು. ದೂರು ಕೊಟ್ಟ ನಂತರದ ವಾರಗಳೇ ಅತ್ಯಂತ ಅಪಾಯದ ವಾರಗಳು. ಆಗ ಅವಳ ಪಕ್ಕದಲ್ಲಿ ಯಾರಾದರೂ ಇರಬೇಕು, ಸಾಧ್ಯವಾದರೆ ಮನೆಯವರೇ. ಟೆಲಿ ಮಾನಸ್ 14416ಕ್ಕೆ ಕರೆ ಮಾಡಿದರೆ ಮನಸ್ಸಿನ ಸಂಕಟಕ್ಕೆ ಆಪ್ತಸಲಹೆ ದೊರೆಯುತ್ತದೆ, ಅಲ್ಲಿ ಕನ್ನಡವನ್ನು ಆರಿಸಿಕೊಳ್ಳಬಹುದು. ಉಳಿದ ಸಹಾಯವಾಣಿಗಳಲ್ಲಿ ನಮಗೆ ಈ ಅನುಕೂಲ ಸಾಮಾನ್ಯವಾಗಿ ಇರುವುದಿಲ್ಲ. ಮಹಿಳೆಯರ 181 ಆಯಾ ರಾಜ್ಯದ್ದಾದ್ದರಿಂದ ಆಯಾ ರಾಜ್ಯದ ಭಾಷೆಯೇ ಎದುರಾಗುತ್ತದೆ.

ಪೊಲೀಸರ ದಾರಿಯಲ್ಲಿ ಗಡಿನಾಡಿನವರಾದ ನಮಗೆ ಹೊಸ ಸಂಹಿತೆ ಒಂದು ಅನುಕೂಲವನ್ನು ಸ್ಪಷ್ಟವಾಗಿ ಬರೆದುಕೊಟ್ಟಿದೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನ ಪ್ರಕಾರ ಅಪರಾಧ ಎಲ್ಲಿಯೇ ನಡೆದಿರಲಿ, ಮಾಹಿತಿಯನ್ನು ಯಾವುದೇ ಠಾಣೆಯಲ್ಲಿ ಕೊಡಬಹುದು. ಝೀರೋ ಎಫ್‌ಐಆರ್ ಎಂದು ಎಲ್ಲರೂ ಕರೆಯುವುದು ಇದನ್ನೇ. ಕೊಚ್ಚಿಯ ಹಾಸ್ಟೆಲಿನಲ್ಲಿ ನಡೆದದ್ದಕ್ಕೆ ಮಂಜೇಶ್ವರದಲ್ಲಿ ದೂರು ಕೊಡಬಹುದು. ಪುಣೆಯಲ್ಲಿ ನಡೆದದ್ದಕ್ಕೆ ಜತ್ತದಲ್ಲಿ, ಬೇಕಿದ್ದರೆ ವಿಜಯಪುರದಲ್ಲಿರುವ ಸೋದರಮಾವನ ಮನೆಯ ಹತ್ತಿರದ ಠಾಣೆಯಲ್ಲಿಯೂ ಕೊಡಬಹುದು. ಅಲ್ಲಿ ಬರೆಯುವವರದೂ ಓದಿ ಹೇಳುವವರದೂ ಕನ್ನಡವೇ ಆಗಿರುತ್ತದೆ. ಮುಂದೆ ಪ್ರಕರಣ ಘಟನೆ ನಡೆದ ಠಾಣೆಗೇ ವರ್ಗವಾಗುತ್ತದೆ, ತನಿಖೆ ಅಲ್ಲಿನ ಭಾಷೆಯಲ್ಲಿಯೇ ನಡೆಯುತ್ತದೆ. ಆದರೆ ಅವಳ ಮೊದಲ ಮಾತು ಅವಳ ಭಾಷೆಯಲ್ಲಿ ದಾಖಲಾಗಿರುತ್ತದೆ, ಅದರ ಬೆಲೆ ಸಣ್ಣದಲ್ಲ. ಲೈಂಗಿಕ ಅಪರಾಧದ ಮಾಹಿತಿಯನ್ನು ಮಹಿಳಾ ಪೊಲೀಸ್ ಅಧಿಕಾರಿಯೇ ಬರೆದುಕೊಳ್ಳಬೇಕು. ಬಾಯಿಮಾತಿನಲ್ಲಿ ಹೇಳಿದ್ದನ್ನು ಬರೆದು ಓದಿ ಹೇಳಬೇಕು, ಪ್ರತಿಯನ್ನು ಉಚಿತವಾಗಿ ಕೊಡಬೇಕು. ಓದಿ ಹೇಳಿದ್ದು ಅರ್ಥವಾಗದಿದ್ದರೆ ಓದಿದಂತಾಗಲಿಲ್ಲ. ಅರ್ಥವಾಗುವವರೆಗೆ ಸಹಿ ಹಾಕಬೇಡವೆಂದು ಮಗಳಿಗೆ ಈಗಲೇ ಹೇಳಿಡಿ.

ಅವಳಿಗೆ 18 ತುಂಬಿರದಿದ್ದರೆ ಪೋಕ್ಸೊ ಕಾಯ್ದೆ ಅನ್ವಯಿಸುತ್ತದೆ. ಹನ್ನೆರಡನೆಯ ತರಗತಿ ಮುಗಿಸಿ ಪದವಿಯ ಮೊದಲ ವರ್ಷಕ್ಕೆ ಸೇರಿದ ಎಷ್ಟೋ ಮಕ್ಕಳಿಗೆ ಹದಿನೇಳೇ ಆಗಿರುತ್ತದೆ. ಆ ಕಾಯ್ದೆಯ 19ನೆಯ ಕಲಮು ಭಾಷೆಯ ಮಾತನ್ನೇ ಎತ್ತಿದೆ. ಬರೆದುಕೊಳ್ಳುವ ಭಾಷೆ ಮಗುವಿಗೆ ತಿಳಿಯದಿದ್ದರೆ ಅನುವಾದಕರನ್ನೋ ದುಭಾಷಿಯನ್ನೋ ಒದಗಿಸಲೇಬೇಕು. ಹೇಳಿಕೆ ಪಡೆಯುವ ಅಧಿಕಾರಿ ಸಮವಸ್ತ್ರದಲ್ಲಿ ಇರಬಾರದು. ಇಲ್ಲಿ ದೂರು ಕೊಡುವುದು ಬಿಡುವುದು ನಿಮ್ಮ ಇಚ್ಛೆಯಲ್ಲ, ವಿಷಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. 18 ದಾಟಿದ ಮೇಲೆ ನಿರ್ಧಾರ ಅವಳದು. ಅಪ್ಪನ ಕೋಪವೋ ಸಂಘದ ಉತ್ಸಾಹವೋ ಅವಳನ್ನು ಠಾಣೆಗೆ ಎಳೆದೊಯ್ಯಬಾರದು, ತಡೆಯಲೂ ಬಾರದು.

ದೈಹಿಕ ಆಕ್ರಮಣವೇ ನಡೆದಿದ್ದರೆ ಇದೆಲ್ಲಕ್ಕೂ ಮೊದಲು ಆಸ್ಪತ್ರೆ. ಸರ್ಕಾರಿಯಾಗಲಿ ಖಾಸಗಿಯಾಗಲಿ, ಅತ್ಯಾಚಾರಕ್ಕೊಳಗಾದವರಿಗೆ ಯಾವ ಆಸ್ಪತ್ರೆಯೂ ತಕ್ಷಣ ಉಚಿತವಾಗಿ ಚಿಕಿತ್ಸೆ ಕೊಡಬೇಕು, ನಿರಾಕರಿಸುವುದು ಶಿಕ್ಷಾರ್ಹ. ಮೊದಲು ಎಫ್‌ಐಆರ್ ತನ್ನಿ ಎನ್ನುವಂತಿಲ್ಲ. ಎಚ್‌ಐವಿ ತಡೆಯ ಔಷಧಿ 72 ಗಂಟೆಯೊಳಗೆ ಆರಂಭವಾಗಬೇಕು, ಗರ್ಭತಡೆಯ ಮಾತ್ರೆಯೂ ಬೇಗ ತೆಗೆದುಕೊಂಡಷ್ಟು ಫಲಕಾರಿ. ತೊಟ್ಟ ಬಟ್ಟೆಯನ್ನು ತೊಳೆಯದೆ ಕಾಗದದ ಚೀಲದಲ್ಲಿಡಿ, ಪ್ಲಾಸ್ಟಿಕ್ಕಿನಲ್ಲಿ ಬೇಡ. ಸ್ನಾನ ಮಾಡಿಬಿಟ್ಟಿದ್ದರೂ ಹೋಗಿ. ಎರಡು ಬೆರಳಿನ ಪರೀಕ್ಷೆಯನ್ನು ಸುಪ್ರೀಂ ಕೋರ್ಟು 2013ರಲ್ಲಿಯೂ 2022ರಲ್ಲಿಯೂ ಖಂಡಿಸಿದೆ, ಅದನ್ನು ಒಪ್ಪಬೇಕಾಗಿಲ್ಲ. ಜಿಲ್ಲೆಯ ಸಖಿ ಒನ್ ಸ್ಟಾಪ್ ಸೆಂಟರಿನಲ್ಲಿ ವೈದ್ಯಕೀಯ ನೆರವು, ಪೊಲೀಸ್ ನೆರವು, ವಕೀಲರ ಸಲಹೆ, ಕೆಲವು ದಿನಗಳ ಆಶ್ರಯ ಒಂದೆಡೆ ಸಿಗುತ್ತವೆ. ತುರ್ತಿಗೆ 112. ಕಾನೂನು ಸೇವಾ ಪ್ರಾಧಿಕಾರದ ಸಂಖ್ಯೆ 15100, ಅಲ್ಲಿ ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರು ದೊರೆಯುತ್ತಾರೆ.

ಈಗ ಮನೆಯ ಮಾತು. ಹುಡುಗಿಯರು ಹೆತ್ತವರಿಗೆ ಹೇಳದಿರುವುದಕ್ಕೆ ನಾಚಿಕೆಯೊಂದೇ ಕಾರಣವಲ್ಲ. ಹೇಳಿದರೆ ಮರುದಿನವೇ ಓದು ಬಿಡಿಸಿ ಕರೆತರುತ್ತಾರೆಂಬ ಭಯ ಅದಕ್ಕಿಂತ ದೊಡ್ಡದು. ನಮ್ಮಲ್ಲಿ ಈ ಭಯಕ್ಕೆ ಇನ್ನೊಂದು ಪದರವುಂಟು. ಕನ್ನಡ ಮಾಧ್ಯಮದಲ್ಲಿ ಓದಿ ಪರಭಾಷೆಯ ಕಾಲೇಜಿನಲ್ಲಿ ಸೀಟು ಪಡೆಯಲು ಅವಳು ಉಳಿದವರಿಗಿಂತ ಎರಡು ಪಟ್ಟು ದುಡಿದಿರುತ್ತಾಳೆ. ತಪ್ಪು ಮಾಡಿದವನು ತರಗತಿಯಲ್ಲಿ ಕುಳಿತು, ನೊಂದವಳು ಮನೆಯಲ್ಲಿ ಕುಳಿತರೆ ಅವಳಿಗೆ ಎರಡನೆಯ ಶಿಕ್ಷೆಯನ್ನು ನಾವೇ ಕೊಟ್ಟಂತಾಗುತ್ತದೆ. ಮನೆಗೆ ಕರೆತರುವುದು ಬೇರೆ, ಓದು ಬಿಡಿಸುವುದು ಬೇರೆ. ವಿಚಾರಣೆ ನಡೆಯುತ್ತಿರುವಾಗ ಅವಳಿಗೆ ಮೂರು ತಿಂಗಳವರೆಗೆ ರಜೆ ಕೊಡಿಸಲು, ಅವಳನ್ನೋ ಅವನನ್ನೋ ಬೇರೆ ವಿಭಾಗಕ್ಕೆ ಹಾಕಿಸಲು, ಆರೋಪಿ ಅಧ್ಯಾಪಕನಾಗಿದ್ದರೆ ಅವಳ ಉತ್ತರಪತ್ರಿಕೆಯನ್ನು ಅವನ ಕೈಗೆ ಹೋಗದಂತೆ ತಡೆಯಲು ಸಮಿತಿ ಶಿಫಾರಸು ಮಾಡಬಹುದು. ಮೊದಲ ದಿನವೇ ಇದನ್ನು ಬರೆದು ಕೇಳಿರಿ. ‘ಹೇಳಿದರೂ ಓದು ನಿಲ್ಲಿಸುವುದಿಲ್ಲ’ ಎಂಬ ಮಾತನ್ನು ಕಾಲೇಜಿಗೆ ಕಳುಹಿಸುವ ಮುನ್ನವೇ ಅಮ್ಮನೂ ಅಪ್ಪನೂ ಇಬ್ಬರೂ ಸೇರಿ ಅವಳಿಗೆ ಕೊಡಬೇಕು.

ಗಂಡುಮಕ್ಕಳೂ ಇದಕ್ಕೆ ಹೊರತಲ್ಲ. ಆಯೋಗದ ನಿಯಮಾವಳಿ ಪುರುಷ ವಿದ್ಯಾರ್ಥಿಗಳನ್ನೂ ತೃತೀಯ ಲಿಂಗಿಗಳನ್ನೂ ಗಮನಕ್ಕೆ ತೆಗೆದುಕೊಂಡಿದೆ. ಹಾಸ್ಟೆಲಿನ ರ‍್ಯಾಗಿಂಗ್ ಹೆಸರಿನಲ್ಲಿ ನಡೆಯುವ ಲೈಂಗಿಕ ಹಿಂಸೆಗೆ 1800-180-5522 ಸಂಖ್ಯೆಯಲ್ಲಿ ದೂರು ಕೊಡಬಹುದು. ನಮ್ಮ ಮಗನ ಮೇಲೆಯೇ ಯಾರಾದರೂ ದೂರು ಕೊಟ್ಟರೆ, ಆ ಹುಡುಗಿಯ ಮನೆಗೆ ಮಾತುಕತೆಗೆಂದು ಹೋಗದಿರುವಷ್ಟು ವಿವೇಕ ನಮಗಿರಲಿ.

ಬರೆಯಲು ಅತ್ಯಂತ ಕಷ್ಟವಾದ ಮಾತನ್ನು ಕೊನೆಗೆ ಉಳಿಸಿಕೊಂಡಿದ್ದೇನೆ. ತಪ್ಪಿತಸ್ಥ ನಮ್ಮವನೇ ಆಗಿದ್ದರೆ? ಹತ್ತು ವರ್ಷ ಅರ್ಜಿ ಹಾಕಿ, ಧರಣಿ ಕೂತು, ನ್ಯಾಯಾಲಯಕ್ಕೆ ಹೋಗಿ ಉಳಿಸಿಕೊಂಡ ಹುದ್ದೆಯಲ್ಲಿರುವ ಒಬ್ಬನೇ ಕನ್ನಡ ಅಧ್ಯಾಪಕನ ಮೇಲೆ ದೂರು ಬಂದರೆ? ಕನ್ನಡ ಸಂಘದ ವೇದಿಕೆಯ ಮೇಲೆ ಪ್ರತಿವರ್ಷ ಹಾರ ಹಾಕಿಸಿಕೊಳ್ಳುವವನ ಮೇಲೆ ಬಂದರೆ? ಆಗ ಕೇಳಿಬರುವ ಮಾತುಗಳನ್ನು ಊಹಿಸುವುದು ಕಷ್ಟವಲ್ಲ. ಇದು ಹೊರಗೆ ಬಂದರೆ ವಿಭಾಗವನ್ನೇ ಮುಚ್ಚುತ್ತಾರೆ, ಕನ್ನಡದ ಮಾನ ಹೋಗುತ್ತದೆ, ಅವರಿಗೆ ಇಷ್ಟೇ ಸಾಕಲ್ಲ, ಒಳಗೊಳಗೇ ಮುಗಿಸೋಣ. ಸಣ್ಣ ಸಮುದಾಯಗಳ ಭಯ ಹುಸಿಯೆಂದು ನಾನು ಹೇಳುವುದಿಲ್ಲ, ಹುದ್ದೆಗಳು ಹೋಗುವುದನ್ನು ನಾವು ಕಂಡಿದ್ದೇವೆ. ಆದರೆ ಆ ಹುದ್ದೆಗಾಗಿ ಹೋರಾಡಿದ್ದು ಯಾರಿಗಾಗಿ? ಕನ್ನಡ ಕಲಿಯಲು ಕುಳಿತ ಹುಡುಗಿಯ ಮೌನವನ್ನು ಬೆಲೆಯಾಗಿ ತೆತ್ತು ಉಳಿಸಿಕೊಂಡ ಕನ್ನಡ ವಿಭಾಗಕ್ಕೆ ಮುಂದಿನ ವರ್ಷ ಯಾವ ತಾಯಿ ಮಗಳನ್ನು ಕಳುಹಿಸುತ್ತಾಳೆ? 2013ರ ಕಾಯ್ದೆಯಲ್ಲಿ ರಾಜಿಗೆ ಅವಕಾಶವಿರುವುದು ನೊಂದವಳು ತಾನಾಗಿ ಕೇಳಿದರೆ ಮಾತ್ರ, ಅದೂ ಹಣದ ಮೇಲೆ ಆಗುವಂತಿಲ್ಲ. ಸಂಘದ ಪದಾಧಿಕಾರಿಗಳು ಅವಳ ಮನೆಗೆ ಹೋಗಿ ಕೇಳಿಸಿದ ರಾಜಿ ಅವಳು ಕೇಳಿದ ರಾಜಿಯಲ್ಲ. ಹುದ್ದೆಗೆ ಬೇರೊಬ್ಬ ಅರ್ಹ ಕನ್ನಡ ಅಧ್ಯಾಪಕರನ್ನು ನೇಮಿಸಿ ಎಂಬ ಮನವಿಯನ್ನು ಅದೇ ದಿನ ಬರೆಯೋಣ. ಎರಡೂ ಕಾಗದಗಳು ಒಂದೇ ಅಂಚೆಯಲ್ಲಿ ಹೋಗಲಿ.

ರಕ್ಷಕ-ಶಿಕ್ಷಕ ಸಂಘಗಳ ಮುಂದೆ ಒಂದು ಸಲಹೆ ಇಡುತ್ತೇನೆ. ಪ್ರತಿಯೊಂದು ಕನ್ನಡ ಪ್ರೌಢಶಾಲೆಯೂ ತನ್ನ ಹಳೆಯ ವಿದ್ಯಾರ್ಥಿನಿಯರಲ್ಲಿ ಎರಡೂ ಭಾಷೆ ಚೆನ್ನಾಗಿ ಬಲ್ಲ ಇಬ್ಬರನ್ನು ಗುರುತಿಸಿ, ಅವರ ಒಪ್ಪಿಗೆ ಪಡೆದು, ಹತ್ತನೆಯ ತರಗತಿ ಮುಗಿಸಿ ಹೋಗುವ ಮಕ್ಕಳಿಗೆ ಅವರ ಪರಿಚಯ ಮಾಡಿಸಲಿ. ಶಿಕ್ಷಕಿ, ದಾದಿ, ವಕೀಲೆ ಯಾರಾದರೂ ಆಗಬಹುದು, ಪದಾಧಿಕಾರಿಗಳ ಮನೆಯವರು ಬೇಡ. ಅವರ ಕೆಲಸ ಇಷ್ಟೇ: ಕರೆದಾಗ ಹೋಗುವುದು, ಹುಡುಗಿಯ ಕನ್ನಡ ದೂರನ್ನು ಸಾಲು ಸಾಲಾಗಿ, ಸೇರಿಸದೆ, ಸೌಮ್ಯಗೊಳಿಸದೆ ಅನುವಾದಿಸುವುದು, ಅನುವಾದಿಸಿದ್ದನ್ನು ಅವಳಿಗೆ ಮತ್ತೆ ಕನ್ನಡದಲ್ಲಿ ಓದಿ ಹೇಳುವುದು, ಠಾಣೆಯಲ್ಲಿಯೂ ಸಮಿತಿಯ ಕೋಣೆಯ ಹೊರಗೂ ಅವಳ ಪಕ್ಕದ ಕುರ್ಚಿಯಲ್ಲಿ ಕುಳಿತಿರುವುದು. ಅವಳ ಹೆಸರನ್ನು ತಮ್ಮ ಗಂಡನಿಗೂ ಹೇಳದಿರುವುದು.